ಅದಿರಿನ ಕೆಸರು ತಿಳಿಯಾದ ಬಗೆ

ಮಳೆಗಾಲದ ಹೊಳೆಯ ಕೆನ್ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಅಲುಗಿಸದೆ ಇಟ್ಟರೆ ಮರಳು ಬೇಗನೆ ತಳ ಸೇರುತ್ತದೆ. ನುಣ್ಣನೆಯ ಮಣ್ಣಾದರೋ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಈ ಸಾಮಾನ್ಯ ಸಂಗತಿಯೇ ಒಂದು ಕಾಲದಲ್ಲಿ ಚಿನ್ನದ ಗಣಿಗಳಿಗೆ ದೊಡ್ಡ ತೊಡಕಾಗಿ ಪರಿಣಮಿಸಿತ್ತು.

1887ರಲ್ಲಿ ಗ್ಲಾಸ್ಗೋ ನಗರದ ರಸಾಯನಶಾಸ್ತ್ರಜ್ಞ ಮ್ಯಾಕ್‌ಆರ್ಥರ್ ಮತ್ತು ವೈದ್ಯರಾದ ಫಾರೆಸ್ಟ್ ಸೋದರರು ಸಯನೈಡ್ ವಿಧಾನವನ್ನು ರೂಪಿಸಿದರು. ನುಣ್ಣಗೆ ಅರೆದ ಅದಿರನ್ನು ಸಯನೈಡಿನ ತೆಳು ದ್ರಾವಣದಲ್ಲಿ ಕಲಕಿದರೆ ಅದರಲ್ಲಿರುವ ಚಿನ್ನವು ಕರಗುತ್ತದೆ. ತಿಳಿಯಾದ ದ್ರಾವಣಕ್ಕೆ ಸತುವನ್ನು ಸೇರಿಸಿ ಚಿನ್ನವನ್ನು ಬೇರ್ಪಡಿಸಬಹುದು. ನಮ್ಮ ಕೋಲಾರದ ಗಣಿಗಳಲ್ಲಿಯೂ ಈ ವಿಧಾನವು ಬಳಕೆಯಲ್ಲಿತ್ತು. 2001ರಲ್ಲಿ ಗಣಿಗಳು ಮುಚ್ಚಿದರೂ ಅರೆದ ಅದಿರಿನ ದಿಬ್ಬಗಳು ಅಲ್ಲಿ ಉಳಿದಿವೆ.

ನುಣ್ಣಗೆ ಅರೆದಷ್ಟೂ ಚಿನ್ನವು ಹೆಚ್ಚು ಕರಗುವುದು. ಆದರೆ ಕೆಸರು ಅಷ್ಟೇ ನಿಧಾನವಾಗಿ ಇಳಿಯುವುದು. ಕೆಸರಿನಲ್ಲಿ ದ್ರಾವಣವು ಉಳಿದರೆ ಅದರೊಡನೆ ಚಿನ್ನವೂ ಹೊರಬೀಳುತ್ತದೆ. 1851ರಲ್ಲಿ ಸ್ಟೋಕ್ಸ್ ತೋರಿಸಿದಂತೆ, ಸಣ್ಣ ಕಣವು ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. 0.1 ಮಿಲಿಮೀಟರ್ ವ್ಯಾಸದ ಬೆಣಚುಕಲ್ಲಿನ ಕಣವು ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು; 0.01 ಮಿಲಿಮೀಟರಿನ ಕಣಕ್ಕೆ ಸುಮಾರು ಮೂರು ಗಂಟೆ ಬೇಕು.

ಮೊದಲು ಬಳಸುತ್ತಿದ್ದ ಸಾಧನಗಳಲ್ಲಿ ಆಸ್ಟ್ರಿಯದ ರಿಟ್ಟಿಂಗರ್ ಪ್ರಚಾರಕ್ಕೆ ತಂದ ಚೂಪುತಳದ ಪೆಟ್ಟಿಗೆಯು ಮುಖ್ಯವಾದುದು. ಅದರ ಆಕಾರ ತಲೆಕೆಳಗಾದ ಪಿರಮಿಡ್ಡಿನದು. ಇಳಿದ ಕೆಸರು ಅದರ ತುದಿಯ ರಂಧ್ರದಿಂದ ಹೊರಬರುತ್ತಿತ್ತು. ರಂಧ್ರವು ದೊಡ್ಡದಾದರೆ ತೆಳುಗೆಸರು ಹರಿಯುವುದು; ಚಿಕ್ಕದಾದರೆ ಕಟ್ಟಿಕೊಳ್ಳುವುದು. ಇನ್ನೊಂದು ಉಪಾಯವೆಂದರೆ, ದೊಡ್ಡ ತೊಟ್ಟಿಯನ್ನು ತುಂಬಿ, ಕಾದು, ತಿಳಿಯನ್ನು ಬಸಿಯುವುದು. ಇದರಲ್ಲಿ ಕಾಲವೂ ಕೂಲಿಯೂ ವ್ಯರ್ಥವಾಗುತ್ತಿದ್ದವು.

ಸುಮಾರು 1905ರಲ್ಲಿ, ಅಮೆರಿಕದ ಸೌತ್ ಡಕೋಟದ ಬ್ಲ್ಯಾಕ್ ಹಿಲ್ಸ್ ಪ್ರದೇಶದಲ್ಲಿ ಜಾನ್ ಡಾರ್ ಎಂಬ ರಸಾಯನಶಾಸ್ತ್ರಜ್ಞರು ಇದಕ್ಕೆ ಪರಿಹಾರವನ್ನು ಕಂಡರು. ಅವರ ತೊಟ್ಟಿಯು ದುಂಡಗಿನದು, ಅಗಲವಾದುದು, ಹೆಚ್ಚು ಆಳವಿಲ್ಲದುದು. ಕೆರೆಗೆ ಕೋಡಿಯೂ ತೂಬೂ ಇರುವಂತೆ, ಇದರ ಅಂಚಿನಿಂದ ತಿಳಿಯಾದ ದ್ರಾವಣವು ಹೊರಚೆಲ್ಲುತ್ತದೆ. ತಳದ ನಡುವಿನ ತೂಬಿನಿಂದ ಮಂದವಾದ ಕೆಸರು ಹೊರಡುತ್ತದೆ. ನಡುವಿನ ಕಂಬಕ್ಕೆ ಜೋಡಿಸಿದ ತೋಳುಗಳು ಗಂಟೆಗೆ ಕೆಲವೇ ಸುತ್ತು ತಿರುಗುತ್ತ, ಓರೆಯಾದ ಅಲಗುಗಳಿಂದ ಕೆಸರನ್ನು ತೂಬಿನ ಕಡೆಗೆ ಎಳೆಯುತ್ತವೆ. ವೇಗ ಹೆಚ್ಚಿದರೆ ಎಲ್ಲವೂ ಕದಡಿಹೋಗುವುದು. ಆದುದರಿಂದ ಆ ನಿಧಾನವೇ ಯಂತ್ರದ ಜೀವಾಳ.

ಇಲ್ಲಿ ಆಳಕ್ಕಿಂತ ಅಗಲವೇ ಏಕೆ ಮುಖ್ಯ? ಹೊರಚೆಲ್ಲುವ ದ್ರಾವಣವು ಮೇಲೇರುವ ವೇಗವು ಕಣವು ಇಳಿಯುವ ವೇಗಕ್ಕಿಂತ ಕಡಿಮೆ ಇರಬೇಕು. ಅಷ್ಟೇ ದ್ರಾವಣವು ಹೆಚ್ಚು ವಿಸ್ತಾರದಲ್ಲಿ ಹರಡಿದರೆ ಅದರ ವೇಗ ತಗ್ಗುತ್ತದೆ. ಸ್ವಲ್ಪ ಸುಣ್ಣವನ್ನು ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿ, ದೊಡ್ಡವಾಗಿ, ಬೇಗ ಇಳಿಯುತ್ತವೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ತೇಯ್ದು ಕದಡಿದ ನೀರನ್ನು ತಿಳಿಗೊಳಿಸುತ್ತಿದ್ದುದೂ ಇಂಥದೇ ಉಪಾಯ.

ಗಣಿಗಾಗಿ ಹುಟ್ಟಿದ ಈ ತತ್ತ್ವವು ಇಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನೂ, ನಗರಗಳಲ್ಲಿ ಕುಡಿಯುವ ನೀರನ್ನೂ ತಿಳಿಗೊಳಿಸುತ್ತಿದೆ.