ಕಚೇರಿ ಸರ್ವರಿಗೊಂದು ಭದ್ರತಾ ಪ್ರಮಾಣಪತ್ರ: ಹತ್ತನೆಯ ತರಗತಿಯ ಗಣಿತದಿಂದ ವಿವರಣೆ

ಮನೆಯಲ್ಲಿ ಕುಳಿತು ಕಚೇರಿಯ ಸರ್ವರ್ ತೆರೆಯಲು ಹೋದರೆ ಅನೇಕ ಕಡೆ ಮೊದಲು ಒಂದು ಎಚ್ಚರಿಕೆ ಬರುತ್ತದೆ. ಆ ಕಡೆಯ ಕಂಪ್ಯೂಟರಿನ ಗುರುತು ಖಚಿತವಾಗಿಲ್ಲ, ಆದರೂ ಮುಂದುವರಿಯುವಿರಾ ಎಂದು ಅದು ಕೇಳುತ್ತದೆ. ನಮ್ಮ ಭಾಗದ ಕಚೇರಿಯೊಂದರಲ್ಲಿ ಈ ಬಗ್ಗೆ ವಿಚಾರಿಸಿದಾಗ ಬಂದ ಉತ್ತರ, “ಅದು ದಿನಾಲೂ ಬರ್ತದ್ರಿ, ಯೆಸ್ ಒತ್ತಿ ಬಿಡ್ರಿ.” ಆ ಸರ್ವರಿನಲ್ಲಿ ಸಿಬ್ಬಂದಿಯ ಸಂಬಳದ ಪಟ್ಟಿಯಿದೆ, ಮಕ್ಕಳ ವಿದ್ಯಾರ್ಥಿವೇತನದ ಖಾತೆ ಸಂಖ್ಯೆಗಳಿವೆ. ಯೆಸ್ ಒತ್ತಿದ ಮೇಲೆ ನಾವು ಟೈಪ್ ಮಾಡುವ ಪಾಸ್‌ವರ್ಡ್ ನಿಜವಾದ ಸರ್ವರಿಗೇ ಹೋಯಿತೋ, ನಡುವೆ ಕುಳಿತ ಬೇರೆಯವರ ಕೈಗೆ ಹೋಯಿತೋ ತಿಳಿಯುವುದಿಲ್ಲ.

ಈ ಎಚ್ಚರಿಕೆಗೆ ಕಾರಣ ಸರಳ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಸೇವೆ ತನಗೆ ತಾನೇ ಒಂದು ಪ್ರಮಾಣಪತ್ರ ಬರೆದು ತಾನೇ ಸಹಿ ಹಾಕಿಕೊಳ್ಳುತ್ತದೆ. ಅರ್ಜಿದಾರನೇ ತನ್ನ ಜಾತಿ ಪ್ರಮಾಣಪತ್ರಕ್ಕೆ ಸಹಿ ಹಾಕಿ ತಂದಂತೆ! ಅದರಿಂದಲೂ ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತದೆ ಎಂಬುದು ನಿಜ. ಆದರೆ ಯಾರ ಜೊತೆ ಗುಟ್ಟಾಗಿ ಮಾತಾಡುತ್ತಿದ್ದೇವೆ ಎಂಬುದೇ ಗೊತ್ತಿಲ್ಲದಿದ್ದರೆ ಆ ಗುಟ್ಟಿಗೆ ಬೆಲೆಯಿಲ್ಲ.

ಗಬ್ಬೂರಿನ ಮಕ್ಕಳಿಗೆ ಇದನ್ನು ವಿವರಿಸಲು ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಾಡಕಚೇರಿಯಿಂದ ಬರುವ ಜಾತಿ ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ ಇರುತ್ತದೆ. ಶಾಲೆಯವರು ಅದನ್ನು ಹಾಕಿ ಪತ್ರ ಅಸಲಿಯೇ ಎಂದು ನೋಡಬಹುದು. ಇನ್ನೂ ಹಳೆಯ ಉದಾಹರಣೆ ಬಾದಾಮಿ ಚಾಲುಕ್ಯರ ತಾಮ್ರಶಾಸನ. ಹಲಗೆಗಳ ತೂತಿನಲ್ಲಿ ಬಳೆ ಪೋಣಿಸಿ, ಅದರ ತುದಿಗಳನ್ನು ವರಾಹ ಮುದ್ರೆಯಿಂದ ಬೆಸೆಯುತ್ತಿದ್ದರು. ನಡುವೆ ಒಂದು ಹಲಗೆ ಸೇರಿಸಬೇಕೆಂದರೆ ಬಳೆ ಕತ್ತರಿಸಲೇಬೇಕು, ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ. ಕೊಟ್ಟವರು ಯಾರು, ಮಧ್ಯೆ ತಿದ್ದಲಾಗಿದೆಯೇ ಎಂಬ ಎರಡು ಪ್ರಶ್ನೆಗಳಿಗೂ ಮುದ್ರೆಯೇ ಉತ್ತರ. ಡಿಜಿಟಲ್ ಪ್ರಮಾಣಪತ್ರವೂ ಇದೇ ಎರಡಕ್ಕೆ ಉತ್ತರ ಕೊಡುತ್ತದೆ. ಅದರ ಮುದ್ರೆ ಮಾತ್ರ ಲೋಹದ್ದಲ್ಲ, ಅವಿಭಾಜ್ಯ ಸಂಖ್ಯೆಗಳದ್ದು.

‘ವಾಸ್ತವ ಸಂಖ್ಯೆಗಳು’ ಘಟಕದಲ್ಲಿ ಅವಿಭಾಜ್ಯ ಅಪವರ್ತನ ಕಲಿಸುವಾಗ “ಇದರ ಉಪಯೋಗ ಏನ್ರಿ ಸರ್?” ಎಂಬ ಪ್ರಶ್ನೆ ಬಂದೇ ಬರುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ವಿಧಾನ ಇದಕ್ಕೆ ಒಳ್ಳೆಯ ಉತ್ತರ. 3 ಮತ್ತು 11 ತೆಗೆದುಕೊಳ್ಳಿ, ಗುಣಲಬ್ಧ 33. ಎರಡರಿಂದಲೂ ಒಂದೊಂದು ಕಳೆದು ಗುಣಿಸಿದರೆ 2 × 10 = 20. ಈಗ 20ರಿಂದ ಭಾಗಿಸಿದರೆ ಶೇಷ 1 ಬರುವಂತೆ ಎರಡು ಸಂಖ್ಯೆಗಳ ಗುಣಲಬ್ಧ ಬೇಕು: 3 × 7 = 21. ಇದರಲ್ಲಿ 33 ಮತ್ತು 3 ಊರಿಗೆಲ್ಲ ತಿಳಿದಿರುವ ಸಾರ್ವಜನಿಕ ಕೀಲಿ. 7 ಸಹಿ ಹಾಕುವವರ ಬಳಿ ಮಾತ್ರ ಇರುವ ಖಾಸಗಿ ಕೀಲಿ.

ಪತ್ರದ ಒಕ್ಕಣೆಯನ್ನು ಹ್ಯಾಶ್ ಎಂಬ ಲೆಕ್ಕದಿಂದ ಒಂದು ಸಂಖ್ಯೆಗೆ ಇಳಿಸುತ್ತಾರೆ. ನಮ್ಮ ಪಾಠಕ್ಕೆ ಅದು 4 ಎಂದಿರಲಿ. ಸಹಿ ಎಂದರೆ 4ರ 7ನೇ ಘಾತವನ್ನು 33ರಿಂದ ಭಾಗಿಸಿದ ಶೇಷ, ಅಂದರೆ 16. ಪರಿಶೀಲಿಸುವವರು 16ರ 3ನೇ ಘಾತ 4096ನ್ನು 33ರಿಂದ ಭಾಗಿಸುತ್ತಾರೆ, ಶೇಷ 4. ಹೊಂದಿತು. ಯಾರಾದರೂ ಪತ್ರದ ಹೆಸರು ತಿದ್ದಿ ಹ್ಯಾಶ್ 5 ಆಗಿದ್ದರೆ ಹೊಂದುವುದಿಲ್ಲ. ಹೊಸ ಸಹಿ ಹಾಕೋಣವೆಂದರೆ 7 ಬೇಕು, 7 ಸಿಗಲು 33ನ್ನು ಒಡೆಯಬೇಕು. 33ನ್ನು ನಮ್ಮ ಮಕ್ಕಳು ಬಾಯಲ್ಲೇ ಒಡೆಯುತ್ತಾರೆ. ನಿಜ ಬಳಕೆಯ 2048 ಬಿಟ್‌ನ ಸಂಖ್ಯೆಗೆ 617 ಅಂಕಿಗಳಿರುತ್ತವೆ.

ಇನ್ನು ಅಳವಡಿಕೆ. ಮೊದಲು ಸರ್ವರಿಗೆ ಅಂತರ್ಜಾಲದಲ್ಲಿ ಕಚೇರಿಯ ಸ್ವಂತ ಡೊಮೈನ್ ಹೆಸರು ಬೇಕು. ಕಚೇರಿಯೊಳಗಷ್ಟೇ ನಡೆಯುವ ಹೆಸರಿಗೆ ಸಾರ್ವಜನಿಕ ಪ್ರಾಧಿಕಾರಗಳು ಪತ್ರ ಕೊಡುವುದಿಲ್ಲ. ಕೀಲಿ ಜೋಡಿಯನ್ನು ಸರ್ವರಿನಲ್ಲೇ ತಯಾರಿಸಿ, ಹೆಸರು ಮತ್ತು ಸಾರ್ವಜನಿಕ ಕೀಲಿ ಮಾತ್ರ ಇರುವ ಕೋರಿಕೆಯನ್ನು ಪ್ರಮಾಣೀಕರಣ ಪ್ರಾಧಿಕಾರಕ್ಕೆ ಕಳುಹಿಸಬೇಕು. ಖಾಸಗಿ ಕೀಲಿ ಎಲ್ಲಿಗೂ ಹೋಗಬಾರದು, ಇಮೇಲಿನಲ್ಲಂತೂ ಬೇಡವೇ ಬೇಡ. ಹೆಸರು ನಿಮ್ಮದೇ ಎಂದು ತೋರಿಸಲು ಪ್ರಾಧಿಕಾರ ಹೇಳಿದ ಗುರುತನ್ನು ಡೊಮೈನ್ ದಾಖಲೆಯಲ್ಲಿ ಸೇರಿಸಬೇಕು. ಬಂದ ಪತ್ರವನ್ನು ಮಧ್ಯಂತರ ಪತ್ರದೊಂದಿಗೆ ಸರ್ವರಿನಲ್ಲಿ ಅಳವಡಿಸಿ, ಸೇವೆಗೆ ಜೋಡಿಸಬೇಕು. ನಂತರ ಅದೇ ಪೂರ್ತಿ ಹೆಸರಿನಿಂದಲೇ ಸಂಪರ್ಕಿಸಬೇಕು. ಐಪಿ ಸಂಖ್ಯೆ ಹಾಕಿದರೆ ಎಚ್ಚರಿಕೆ ಮತ್ತೆ ಬರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಹಣವಿಲ್ಲದೆ 90 ದಿನಗಳ ಪತ್ರ ಕೊಡುತ್ತ ಬಂದಿದೆ, ನವೀಕರಣವನ್ನು ತಂತ್ರಾಂಶಕ್ಕೇ ಒಪ್ಪಿಸಬಹುದು.

ಪ್ರಮಾಣಪತ್ರ ಗುರುತು ಹೇಳುತ್ತದೆ, ಅಷ್ಟೇ, ಬಾಗಿಲು ಕಾಯುವುದಿಲ್ಲ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟು ಪತ್ರ ಹಾಕಿದ್ದೇವೆಂದು ನೆಮ್ಮದಿಯಾಗಿರುವಂತಿಲ್ಲ. ವಿಪಿಎನ್ ಅಥವಾ ಗೇಟ್‌ವೇ ಬೇಕು, ಗಟ್ಟಿ ಪಾಸ್‌ವರ್ಡೂ ಬೇಕು.

ಮುದ್ರೆ ಒತ್ತುವವರೇ ತಪ್ಪಿದರೆ? ನಮ್ಮ ದೇಶದಲ್ಲೇ ಇದು ನಡೆದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಪ್ರಮಾಣೀಕರಣ ಪ್ರಾಧಿಕಾರಗಳ ಮೇಲೆ ಒಬ್ಬ ನಿಯಂತ್ರಕರಿದ್ದಾರೆ. 2014ರ ಜುಲೈನಲ್ಲಿ ಅವರ ಅಧೀನದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಾಧಿಕಾರದಿಂದ ಗೂಗಲ್‌ನ ಹೆಸರುಗಳಿಗೆ, ಗೂಗಲ್‌ನ ಒಪ್ಪಿಗೆಯಿಲ್ಲದೆ, ಪ್ರಮಾಣಪತ್ರಗಳು ಹೊರಟಿದ್ದು ಪತ್ತೆಯಾಯಿತು. ಗೂಗಲ್ ಕ್ರೋಮ್‌ನಲ್ಲಿ ತಡೆ ಹಾಕಿತು, ನಿಯಂತ್ರಕರು ಆ ಕೇಂದ್ರದ ಮಧ್ಯಂತರ ಪತ್ರಗಳನ್ನು ರದ್ದುಪಡಿಸಿದರು. ಯಾರ ಮುದ್ರೆಯನ್ನು ನಂಬಬೇಕೆಂಬ ಪಟ್ಟಿ ನಮ್ಮ ಕಂಪ್ಯೂಟರಿನೊಳಗೇ ಇರುತ್ತದೆ, ಅದು ಬದಲಾಗುತ್ತಿರುತ್ತದೆ. ಹಾಗಾಗಿ ಅಪ್‌ಡೇಟ್‌ಗಳನ್ನು ಮುಂದೂಡುತ್ತ ಹೋಗುವುದು ಸರಿಯಲ್ಲ.

ಇದನ್ನು ಪಾಠ ಯೋಜನೆಗೆ ಸೇರಿಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಸೂಚನೆ. 4ರ 7ನೇ ಘಾತವನ್ನು ಪೂರ್ತಿ ಗುಣಿಸಿದರೆ 16384 ಬರುತ್ತದೆ, ಭಾಗಾಕಾರದಲ್ಲೇ ಅವಧಿ ಮುಗಿಯುತ್ತದೆ. ಪ್ರತಿ ಹಂತದಲ್ಲೂ 33ರಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳಲಿ: 4, 16, 31, 25, 1, 4, 16. ಏಳು ಮಕ್ಕಳನ್ನು ಕಪ್ಪುಹಲಗೆಗೆ ಕರೆದು ಒಂದೊಂದು ಹಂತ ಬರೆಸಬಹುದು.