ಹೊನ್ನು ಹೋದ ಮೇಲೆ ಉಳಿದ ಕಲ್ಲು

ಚಿನ್ನದ ಗಣಿ ಎಂದೊಡನೆ ಕಟ್ಟಾಯದ ವಿದ್ಯಾರ್ಥಿಗೆ ಕೋಲಾರವು ನೆನಪಾಗುವುದು ಸಹಜ. ಆದರೆ ಅಷ್ಟು ದೂರ ಹೋಗಬೇಕಾದುದಿಲ್ಲ. ಆತನ ಹಾಸನ ಜಿಲ್ಲೆಯಲ್ಲಿಯೇ, ನುಗ್ಗೇಹಳ್ಳಿಯ ಶಿಲಾಪಟ್ಟಿಗೆ ಸೇರಿದ ಕೆಂಪಿನಕೋಟೆಯಲ್ಲಿ, ಪೂರ್ವಿಕರು ಹೊನ್ನಿಗಾಗಿ ತೋಡಿದ ಹಳೆಯ ಗುಂಡಿಗಳುಂಟು. ತೋಡಿದವರು ಹೇಗೆ ಬಾಳಿದರೆಂಬುದನ್ನು ಬರಿಯ ಗುಂಡಿಯಿಂದ ಅರಿಯುವುದೆಂತು?

ರೋಮನ್ನರ ವಿಷಯದಲ್ಲಿ ಈ ಕೆಲಸ ಕೊಂಚ ಸುಲಭ. ಪೋರ್ಚುಗಲ್ಲಿನ ಅಲ್ಜುಸ್ತ್ರೆಲ್ ಎಂಬಲ್ಲಿ 1876ರಲ್ಲಿಯೂ 1906ರಲ್ಲಿಯೂ ದೊರೆತ ಕಂಚಿನ ಫಲಕಗಳಲ್ಲಿ, ತಾಮ್ರ ಬೆಳ್ಳಿಗಳನ್ನು ತೆಗೆಯುತ್ತಿದ್ದ ವಿಪಾಸ್ಕ ಎಂಬ ಗಣಿಯೂರಿನ ಕಟ್ಟಳೆಗಳೇ ಬರೆದಿವೆ. ಸ್ನಾನಗೃಹವು ಹಗಲಿನ ಏಳನೆಯ ತಾಸಿನವರೆಗೆ ಹೆಂಗಸರಿಗೆ, ಅನಂತರ ಗಂಡಸರಿಗೆ; ಹೆಂಗಸರು ತೆರಬೇಕಾದ ಶುಲ್ಕ ಗಂಡಸರದಕ್ಕಿಂತ ಇಮ್ಮಡಿ! ಕ್ಷೌರಿಕನ ವೃತ್ತಿ, ಚಮ್ಮಾರನ ವೃತ್ತಿ, ಎಲ್ಲಕ್ಕೂ ಗುತ್ತಿಗೆ. ಉಪಾಧ್ಯಾಯರಿಗೆ ಮಾತ್ರ ತೆರಿಗೆಯಿಲ್ಲ.

ನಮ್ಮ ಗಣಿಗಾರರು ಅಂತಹ ಫಲಕವನ್ನು ಬಿಟ್ಟುಹೋಗಲಿಲ್ಲ. ಅವರು ಬಿಟ್ಟುದು ಕಲ್ಲು, ಬೂದಿ, ಮರದ ತುಂಡು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರ ತೋಡು ಸುಮಾರು 640 ಅಡಿ ಆಳಕ್ಕೆ ಇಳಿದಿತ್ತು. ಸಿಡಿಮದ್ದಿಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಬಂಡೆಯ ಮೋರೆಗೆ ಸೌದೆಯೊಡ್ಡಿ ಬೆಂಕಿ ಹಚ್ಚಿದರೆ, ಕಾವಿಗೆ ಕಲ್ಲು ಹಿಗ್ಗಿ ಬಿರಿಯುತ್ತದೆ. ಬಿರಿದುದನ್ನು ಉಳಿಯಿಂದ ಎಬ್ಬಿಸಬಹುದು. ಸ್ಪೇನಿನ ಗಣಿಗಳ ವಿಚಾರದಲ್ಲಿ ಪ್ಲಿನಿಯು ಬರೆದಿರುವುದೂ ಇದೇ ಉಪಾಯವನ್ನು. ಆ ಹೊಗೆಯಲ್ಲಿ ಉಸಿರಾಡಿದವರ ಪಾಡನ್ನು ಓದುಗರೇ ಊಹಿಸಿಕೊಳ್ಳಲಿ.

ಮೇಲೆ ತಂದ ಬೆಣಚುಕಲ್ಲನ್ನು ಹಾಸುಬಂಡೆಯ ಮೇಲೆ ಅರೆದು ಹಿಟ್ಟುಮಾಡಿ, ನೀರಿನಲ್ಲಿ ಜಾಲಿಸಿದರೆ ಭಾರವಾದ ಹೊನ್ನು ತಳದಲ್ಲಿ ನಿಲ್ಲುತ್ತದೆ. ಅರೆದು ಅರೆದು ಬಂಡೆಯಲ್ಲಿ ಬಿದ್ದ ಕುಳಿಗಳು ಹಟ್ಟಿಯ ಸುತ್ತ ಕಂಡುಬಂದಿವೆ. ಚಿನ್ನವೆಲ್ಲ ಯಾರ ಭಂಡಾರವನ್ನೋ ಸೇರಿತು. ದುಡಿದ ಕೈಗಳ ಗುರುತು ಈ ಕುಳಿಗಳಲ್ಲಿದೆ.

ಕಾಲವನ್ನು ನಿರ್ಣಯಿಸಿದುದು ಮರ. ಜೀವವಿರುವ ಮರವು ಗಾಳಿಯಿಂದ ವಿಕಿರಣಶೀಲ ಇಂಗಾಲವನ್ನು ಹೀರುತ್ತದೆ. ಸತ್ತ ಬಳಿಕ ಅದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಟ್ಟಿಯ ಹಳೆಯ ತೋಡಿನ ಮರವನ್ನು ಹೀಗೆ ಅಳೆದಾಗ ದೊರೆತ ವಯಸ್ಸು ಹೆಚ್ಚುಕಡಿಮೆ ಎರಡು ಸಾವಿರ ವರ್ಷ. ಪ್ಲಿನಿಯು ಭಾರತದ ವ್ಯಾಪಾರದಿಂದ ರೋಮಿನ ಹಣ ಸೋರಿಹೋಗುತ್ತಿದೆಯೆಂದು ಗೊಣಗಿದ ಕಾಲವೂ ಹೆಚ್ಚುಕಡಿಮೆ ಅದೇ!

ಆದುದರಿಂದ ಹಳೆಯ ಗಣಿಯ ಬಳಿ ಕುಳಿಬಿದ್ದ ಕಲ್ಲನ್ನೋ ಇದ್ದಿಲನ್ನೋ ಕಂಡವರು ಅದನ್ನು ಮನೆಗೆ ಹೊತ್ತು ತರಬಾರದು. ಗುಂಡಿಯಿಂದ ಅದು ಎಷ್ಟು ದೂರ, ನೀರಿಗೆ ಎಷ್ಟು ಹತ್ತಿರ, ಯಾವ ಮಣ್ಣಿನ ಪದರದಲ್ಲಿ ಎಂಬುದರಿಂದಲೇ ಅರೆಯುವ ಕಣ ಎಲ್ಲಿತ್ತು, ಗುಡಿಸಲು ಎಲ್ಲಿತ್ತು ಎಂಬುದು ತಿಳಿಯಬೇಕು. ಅಂಗಳದ ಒರಳಾಗಿಬಿಟ್ಟ ಕಲ್ಲಿನಿಂದ ಅದನ್ನು ಯಾರೂ ಓದಲಾರರು.