ಬಾಡಿಗೆಯ ಮನೆಯೊಳಗಣ ಅಂತರ್ಜಾಲ

ಬೆಂಗಳೂರಿನ ಬಾಡಿಗೆಯ ಮನೆಗಳಲ್ಲಿ ಅಂತರ್ಜಾಲದ ತಂತಿಯು ಬೀದಿಯ ಕಂಬದಿಂದ ಹೊರಟು, ತಾರಸಿಯ ಅಂಚನ್ನು ಬಳಸಿ, ಹಜಾರದ ಕಿಟಕಿಯ ಸಂದಿನಿಂದ ಒಳಹೊಕ್ಕು, ಅಲ್ಲಿಯೇ ಸಮೀಪದ ಗೋಡೆಯ ಮೇಲಣ ಪುಟ್ಟ ಪೆಟ್ಟಿಗೆಯೊಂದರಲ್ಲಿ ಕೊನೆಗೊಳ್ಳುವುದೇ ವಾಡಿಕೆ. ಅಳವಡಿಸಲು ಬಂದ ತರುಣನಿಗೆ ಅದೇ ದಿನ ಇನ್ನೂ ಹಲವು ಮನೆಗಳ ಕೆಲಸವಿರುತ್ತದೆ. ಮಕ್ಕಳು ಓದುವ ಕೋಣೆ ಎಲ್ಲಿ ಎಂದು ವಿಚಾರಿಸುವ ವ್ಯವಧಾನ ಅವನಿಗಿಲ್ಲ. ಹೀಗಾಗಿ ಹಜಾರದಲ್ಲಿ ಯಥೇಚ್ಛವಾಗಿ ದೊರೆಯುವ ವೇಗವು ಹಿಂಬದಿಯ ಕೋಣೆಯನ್ನು ತಲುಪುವಷ್ಟರಲ್ಲಿ ಕ್ಷೀಣಿಸಿ, ಅಲ್ಲಿ ಕಚೇರಿಯ ಸಭೆಗೆ ಕುಳಿತವರ ಮಾತು ತುಂಡುತುಂಡಾಗುತ್ತದೆ. ಸ್ವಂತ ಮನೆಯವರು ಗೋಡೆಯನ್ನು ಕೊರೆಯಬಹುದು. ಮುಂಗಡದ ಹಣವನ್ನು ಮಾಲೀಕರ ಕೈಯಲ್ಲಿರಿಸಿ, ಒಂದು ಮೊಳೆ ಹೊಡೆಯುವುದಕ್ಕೂ ಅನುಮತಿಯನ್ನು ಬೇಡಬೇಕಾದ ಬಾಡಿಗೆದಾರರು ಏನು ಮಾಡಬೇಕೆಂಬುದೇ ಇಲ್ಲಿಯ ವಿಚಾರ.

ವೈಫೈ ಎಂಬುದು ರೇಡಿಯೋ ತರಂಗಗಳ ಕಾರ್ಯ. 2.4 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದು ಸುಮಾರು 6. ಮೊದಲನೆಯದು ಗೋಡೆಯನ್ನು ದಾಟಿ ದೂರ ಸಾಗಬಲ್ಲುದಾದರೂ ಅದರ ಹಾದಿ ಕಿಕ್ಕಿರಿದದ್ದು. ಒಂದಕ್ಕೊಂದು ತೊಡಕಾಗದ ಚಾನೆಲ್ಲುಗಳು ಅಲ್ಲಿ 1, 6, 11 ಎಂಬ ಮೂರೇ ಆದ್ದರಿಂದ ವಠಾರದ ಸಮಸ್ತರೂ ಅವುಗಳಲ್ಲಿಯೇ ಹಂಚಿಕೊಂಡು ಬಾಳಬೇಕು. ಎರಡನೆಯದು ವೇಗಶಾಲಿ, ಆದರೆ ಗೋಡೆ ಅಡ್ಡಬಂದೊಡನೆ ಸೊರಗುತ್ತದೆ. ನಾಲ್ಕೂವರೆ ಅಂಗುಲದ ಇಟ್ಟಿಗೆಯ ಒಳಗೋಡೆ ತಡೆಯುವುದು ಸ್ವಲ್ಪ. ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟು, ಬಸವನಗುಡಿ ಮಲ್ಲೇಶ್ವರಗಳ ಹಳೆಯ ಮನೆಗಳ ದಪ್ಪ ಗೋಡೆ, ಉಕ್ಕಿನ ಬೀರು, ಆಳೆತ್ತರದ ಕನ್ನಡಿ, ಇವು ತಡೆಯುವುದು ಬಹಳ. ಆದುದರಿಂದ ಆ ಪುಟ್ಟ ಪೆಟ್ಟಿಗೆಯನ್ನು, ಎಂದರೆ ರೂಟರನ್ನು, ಬೀರುವಿನ ಹಿಂದೆಯೋ ಟಿವಿಯ ಕೆಳಗೋ ಅವಿತಿಡದೆ, ಸಾಧ್ಯವಾದಷ್ಟು ಮನೆಯ ನಡುವೆ, ಎತ್ತರದಲ್ಲಿ, ಕೋಣೆಗಳ ಬಾಗಿಲುಗಳಿಗೆ ಎದುರಾಗಿ ಇರಿಸತಕ್ಕದ್ದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಆದರೆ ಪೆಟ್ಟಿಗೆಯನ್ನು ಸರಿಸುವಾಗ ಎಚ್ಚರ ಬೇಕು. ಹೊರಗಿನಿಂದ ಬಂದಿರುವುದು ಈಗ ಬಹುಮಟ್ಟಿಗೆ ಗಾಜಿನ ಎಳೆ. 125 ಮೈಕ್ರಾನ್, ಎಂದರೆ ಮಿಲಿಮೀಟರಿನ ಎಂಟರಲ್ಲೊಂದು ಪಾಲು ದಪ್ಪದ ಆ ಎಳೆಯ ನಡುವೆ, ಸುಮಾರು 9 ಮೈಕ್ರಾನಿನ ತಿರುಳಿನಲ್ಲಿ ಬೆಳಕು ಸಂಚರಿಸುತ್ತದೆ. ಬಾಗಿಲ ಸಂದಿನಲ್ಲಿ ಅದನ್ನು ಸಿಕ್ಕಿಸಿದರೆ, ಮೂಲೆಯಲ್ಲಿ ಮಡಿಸಿದರೆ, ಬೆಳಕು ಸೋರಿಹೋಗಿ ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬ ಗುರುತಿನ ಕೆಂಪು ದೀಪ ಮಿನುಗತೊಡಗುತ್ತದೆ. ಗಾಜಿನ ಎಳೆಯನ್ನು ಇದ್ದಲ್ಲಿಯೇ ಬಿಟ್ಟು, ಅಲ್ಲಿಂದ ಮುಂದಕ್ಕೆ ತಾಮ್ರದ ತಂತಿಯನ್ನು ಒಯ್ಯುವುದೇ ಕ್ಷೇಮ.

ದೂರದ ಕೋಣೆಗೆ ವೈಫೈ ತಲುಪಿಸಬೇಕೆಂದರೆ ಅಂಗಡಿಯವರು ಸಾಮಾನ್ಯವಾಗಿ ಮೊದಲು ತೋರಿಸುವುದು ರಿಪೀಟರನ್ನು. ಒಂದೇ ಚಾನೆಲ್ಲಿನಲ್ಲಿ ಕೇಳುವುದನ್ನೂ ನುಡಿಯುವುದನ್ನೂ ಸರದಿಯ ಮೇಲೆ ಮಾಡಬೇಕಾದ ಈ ಯಂತ್ರದ ಮೂಲಕ ಬಂದಾಗ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಅದನ್ನು ಸಂಕೇತವೇ ಇಲ್ಲದ ಕೋಣೆಯೊಳಗೆ ಇಟ್ಟರಂತೂ ಪುನರುಚ್ಚರಿಸಲು ಅದಕ್ಕೆ ಏನೂ ಕೇಳಿಸುವುದಿಲ್ಲ. ಅದರ ಸ್ಥಾನ ನಡುದಾರಿ. ಹಲವು ಪೆಟ್ಟಿಗೆಗಳು ಕೂಡಿ ಒಂದೇ ಜಾಲವಾಗುವ ಮೆಶ್ ಎಂಬ ಹೊಸ ವ್ಯವಸ್ಥೆ ಇದಕ್ಕಿಂತ ಉತ್ತಮ, ಬೆಲೆಯೂ ಅಧಿಕ. ಆದರೂ ದಪ್ಪ ಗೋಡೆಯ ಮುಂದೆ ಅದೂ ರಿಪೀಟರಿನಂತೆಯೇ ಸೊರಗುತ್ತದೆ.

ಬಾಡಿಗೆದಾರರಿಗೆ ಸರ್ವಥಾ ಹಿತವಾದುದು ಈಥರ್ನೆಟ್ ತಂತಿಯೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. 1973ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸತೊಡಗಿದ ಈ ಪದ್ಧತಿ ಇಂದಿಗೂ ಅಷ್ಟೇ ವಿಶ್ವಾಸಾರ್ಹವಾದುದು. ಅದರ ಮಿತಿ 100 ಮೀಟರ್. ಎರಡು ಕೋಣೆಗಳ ಮನೆಗೆ ಇಪ್ಪತ್ತು ಮೀಟರಿನ ತಂತಿ ಧಾರಾಳವಾಗಿ ಸಾಕು. ಚಪ್ಪಟೆಯಾದ ಕ್ಯಾಟ್ 6 ತಂತಿಯನ್ನು ನೆಲದಂಚಿನ ಸ್ಕರ್ಟಿಂಗಿನ ಗುಂಟ ಸಾಗಿಸಿ, ಬಾಗಿಲಿನ ಕೆಳಗಿನಿಂದ ಒಳಗೊಯ್ಯಬಹುದು. ಅಂಟುವ ಕ್ಲಿಪ್ಪುಗಳನ್ನು ಬಣ್ಣದ ಗೋಡೆಗೆ ಒತ್ತದೆ ಸ್ಕರ್ಟಿಂಗಿನ ಟೈಲಿಗೇ ಒತ್ತಬೇಕು; ಗೋಡೆಯಿಂದ ಕಿತ್ತಾಗ ಅವು ಬಣ್ಣವನ್ನೂ ಸುಣ್ಣದ ಪದರವನ್ನೂ ಎಬ್ಬಿಸಿ, ಆ ಲೆಕ್ಕ ಮುಂಗಡದಲ್ಲಿ ಮುರಿದುಹೋಗುತ್ತದೆ. ತಂತಿಯ ತುದಿಗೆ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಎಂದರೆ ವೈಫೈಯನ್ನು ಹರಡುವ ಸಾಧನವಾಗಿ ಮಾತ್ರ, ಮಾರ್ಪಡಿಸಿ ಜೋಡಿಸಿದರೆ ಸಾಕು. ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಫೋನುಗಳಿಗೆ ವಿಳಾಸ ನೀಡುವ ಅಧಿಕಾರವನ್ನು ಮೊದಲಿನ ಪೆಟ್ಟಿಗೆಗೇ ಬಿಟ್ಟು, ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದವನ್ನು ಕೊಟ್ಟಲ್ಲಿ, ಕೋಣೆಯಿಂದ ಕೋಣೆಗೆ ನಡೆಯುವವರ ಫೋನು ತಾನಾಗಿಯೇ ಹೊಂದಿಕೊಳ್ಳುತ್ತದೆ.

ಒಂದೇ ಮನೆಯನ್ನು ನಾಲ್ವರು ಹಂಚಿಕೊಂಡಿರುವಲ್ಲಿ ಖರ್ಚು ಹಂಚಿಹೋದರೂ ಹೊಣೆ ಹಂಚಿಹೋಗುವುದಿಲ್ಲ. ಅದು ಸಂಪರ್ಕವನ್ನು ಪಡೆದವರ ಹೆಸರಿನಲ್ಲಿಯೇ ಉಳಿಯುತ್ತದೆ. 2008ರ ಜುಲೈಯಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ತುಸು ಮುನ್ನ ಬಂದ ಬೆದರಿಕೆಯ ಮಿಂಚಂಚೆಯ ಜಾಡು ನವಿ ಮುಂಬಯಿಯ ಮನೆಯೊಂದರ ವೈಫೈಗೆ ತಲುಪಿ, ಆ ಮನೆಯವರು ಪೊಲೀಸರ ವಿಚಾರಣೆಯನ್ನು ಎದುರಿಸಬೇಕಾಯಿತು. ಆದಕಾರಣ ಗುಪ್ತಪದವಿಲ್ಲದೆ ಜಾಲವನ್ನು ತೆರೆದಿಡಬಾರದು. ಬಂದುಹೋಗುವವರಿಗೆ ಅತಿಥಿ ಜಾಲವನ್ನೇ ಕೊಡಬೇಕು. ಸಹವಾಸಿಯೊಬ್ಬರು ಮನೆಯನ್ನು ಬಿಟ್ಟ ದಿನವೇ ಗುಪ್ತಪದವನ್ನು ಬದಲಿಸಬೇಕು.

ಕೊನೆಗೆ ನೀವೇ ಮನೆ ಬಿಡುವಾಗ, ತಂತಿಯನ್ನೂ ನಿಮ್ಮ ರೂಟರನ್ನೂ ಸುತ್ತಿಕೊಂಡು ಹೊರಡಿರಿ. ಕಂಪನಿಯ ಪೆಟ್ಟಿಗೆಯನ್ನು ಮಾತ್ರ ಹಿಂದಿರುಗಿಸಿ, ತಪ್ಪದೆ ರಸೀದಿಯನ್ನು ಪಡೆಯಿರಿ.